ಬೇಡ ಎಂದವರು 432 ಮಂದಿ, ಬೇಕು ಎಂದದ್ದು ಏನು? ಬ್ರೆಕ್ಸಿಟ್ ಒಪ್ಪಂದದ ಮತದಾನ: ಒಂದು ಪ್ರಕರಣ ಅಧ್ಯಯನ

2019ರ ಜನವರಿ 15. ನಮ್ಮಲ್ಲಿ ಅವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡುವ ದಿನ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮಾತ್ರ ಆ ಸಂಜೆ ಒಳ್ಳೆಯ ಮಾತಿಗೆ ತತ್ವಾರ. ಹೌಸ್ ಆಫ್ ಕಾಮನ್ಸ್‌ನಲ್ಲಿ ಮತದಾನದ ಗಂಟೆ ಬಾರಿಸಿತು. ಅಲ್ಲಿ ಕೂತಲ್ಲೇ ಬಟನ್ ಒತ್ತುವ ಪದ್ಧತಿ ಇಲ್ಲ. ಹೌದು ಎನ್ನುವವರು ಒಂದು ಲಾಬಿಗೆ, ಇಲ್ಲ ಎನ್ನುವವರು ಇನ್ನೊಂದು ಲಾಬಿಗೆ ಎದ್ದು ನಡೆಯಬೇಕು. 8 ನಿಮಿಷಕ್ಕೆ ಬಾಗಿಲು ಹಾಕುತ್ತಾರೆ. ಸಾಲಾಗಿ ಹೊರಗೆ ಬರುವಾಗ ತಲೆ ಎಣಿಸುತ್ತಾರೆ. ಲೇಬರ್ ಪಕ್ಷದ ಟುಲಿಪ್ ಸಿದ್ದೀಕ್ ತುಂಬು ಗರ್ಭಿಣಿ. ಈ ಒಂದು ಮತಕ್ಕಾಗಿ ಸಿಸೇರಿಯನ್ ಮುಂದಕ್ಕೆ ಹಾಕಿಸಿಕೊಂಡು ಗಾಲಿಕುರ್ಚಿಯಲ್ಲಿ ಬಂದಿದ್ದರು.

ಎಣಿಕೆ ಮುಗಿದಾಗ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವ, ಅಂದರೆ ಬ್ರೆಕ್ಸಿಟ್‌ನ, ಒಪ್ಪಂದಕ್ಕೆ ಹೌದು ಎಂದವರು 202. ಇಲ್ಲ ಎಂದವರು 432. ಅಂತರ 230. ಬ್ರಿಟನ್ನಿನ ಆಧುನಿಕ ಸಂಸದೀಯ ಇತಿಹಾಸದಲ್ಲಿ ಯಾವ ಸರ್ಕಾರವೂ ಇಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ.

ಸೋಲು ದೊಡ್ಡದು, ನಿಜ. ನನಗೆ ಕುತೂಹಲ ಹುಟ್ಟಿಸಿದ್ದು ಆ ‘ಇಲ್ಲ’ ಲಾಬಿಯಲ್ಲಿ ಯಾರ ಪಕ್ಕದಲ್ಲಿ ಯಾರು ನಡೆದರು ಅನ್ನೋದು. ಒಕ್ಕೂಟದ ಜೊತೆ ನಂಟೇ ಬೇಡ ಎನ್ನುವ, ಆಳುವ ಕನ್ಸರ್ವೇಟಿವ್ ಪಕ್ಷದ ಜೇಕಬ್ ರೀಸ್-ಮಾಗ್ ಅಲ್ಲಿದ್ದರು. ಒಕ್ಕೂಟ ಬಿಡಲೇಬಾರದು ಎನ್ನುವ ಗ್ರೀನ್ ಪಕ್ಷದ ಕ್ಯಾರೊಲಿನ್ ಲ್ಯೂಕಸ್ ಕೂಡ ಅಲ್ಲೇ. ಚುನಾವಣೆ ಬೇಕು ಎನ್ನುತ್ತಿದ್ದ ಲೇಬರ್ ನಾಯಕ ಜೆರೆಮಿ ಕಾರ್ಬಿನ್, ಐರ್ಲೆಂಡ್ ಗಡಿಯ ವಿಷಯಕ್ಕೆ ಕೆರಳಿದ್ದ, ಉತ್ತರ ಐರ್ಲೆಂಡ್‌ನ ಡಿಯುಪಿ ಪಕ್ಷದವರು, ಎರಡನೇ ಜನಮತಗಣನೆ ಕೇಳುತ್ತಿದ್ದ ಕನ್ಸರ್ವೇಟಿವ್ ಡೊಮಿನಿಕ್ ಗ್ರೀವ್, ಎಲ್ಲರೂ ಒಂದೇ ಸಾಲಿನಲ್ಲಿ. ಬೇಡ ಎನ್ನುವುದರಲ್ಲಿ ಇವರದು ಒಂದೇ ಮಾತು. ಬೇಕು ಅನ್ನೋದಕ್ಕೆ ಬಂದರೆ ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ.

ಈ ಅಧ್ಯಯನದ ಪ್ರಶ್ನೆ ಇಷ್ಟೇ. ಯಾರಿಗೂ ಪೂರ್ತಿ ಇಷ್ಟವಿಲ್ಲದ ಒಪ್ಪಂದ ಮುಂದೆ ಬಂದಾಗ ಒಬ್ಬ ಸಂಸದ ಹೇಗೆ ಮತ ಹಾಕಬೇಕಿತ್ತು?

ಕಾಗದದಲ್ಲಿ ಇದ್ದದ್ದು

ಕೂಡು ಕುಟುಂಬ ಒಡೆಯುವಾಗ ಪಾಲು ಪಾರೀಕತ್ತು ಬರೆಯುತ್ತಾರಲ್ಲ, ಈ ಒಪ್ಪಂದ ಹೆಚ್ಚುಕಡಿಮೆ ಅದೇ. ಸಾಲ ಯಾರ ತಲೆಗೆ, ಬಾವಿಯ ನೀರು ಯಾರಿಗೆ, ದಾರಿ ಯಾವ ಕಡೆಯಿಂದ, ಇಷ್ಟನ್ನು ಅದು ಇತ್ಯರ್ಥ ಮಾಡುತ್ತದೆ. ಬೇರೆಯಾದ ಮೇಲೆ ಹಬ್ಬಕ್ಕೆ ಕರೆಯುತ್ತೀರಾ, ಕೈಸಾಲ ಕೊಡುತ್ತೀರಾ ಅನ್ನೋದು ಅದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಕಾಗದ.

ಇಲ್ಲೂ ಎರಡು ಕಾಗದ. ಪಾಲಿನ ಪತ್ರ 585 ಪುಟ. ಮುಂದಿನ ಸಂಬಂಧ ಹೇಗಿರಬೇಕು ಎಂಬ ರಾಜಕೀಯ ಘೋಷಣೆ 26 ಪುಟ. ಮೊದಲನೆಯದಕ್ಕೆ ಕಾನೂನಿನ ಬಲ ಇತ್ತು, ಎರಡನೆಯದಕ್ಕೆ ಇರಲಿಲ್ಲ. ಜನ ಜಗಳಾಡಿದ್ದು ಎರಡರ ಬಗ್ಗೆಯೂ, ಮತ ಬಿದ್ದದ್ದೂ ಎರಡಕ್ಕೂ ಸೇರಿ.

ಪಾಲಿನ ಪತ್ರದ ಬಹುಪಾಲು ಸಂಗತಿಗಳಿಗೆ ತಕರಾರು ಕಡಿಮೆ. ಹಳೆ ಬಾಕಿ ಸುಮಾರು 3,900 ಕೋಟಿ ಪೌಂಡ್ ಕೊಡುವುದು. ಬ್ರಿಟನ್ನಿನಲ್ಲಿರುವ 30 ಲಕ್ಷಕ್ಕೂ ಹೆಚ್ಚು ಯುರೋಪಿಯನ್ನರ ಹಕ್ಕು, ಅತ್ತ ಕಡೆ ಇರುವ ಸುಮಾರು 10 ಲಕ್ಷ ಬ್ರಿಟಿಷರ ಹಕ್ಕು ಉಳಿಸುವುದು. 2020ರ ಡಿಸೆಂಬರ್ 31ರವರೆಗೆ ಎಲ್ಲ ನಿಯಮ ಹಾಗೇ ನಡೆಸಿಕೊಂಡು ಹೋಗುವುದು.

ಗಂಟು ಬಿದ್ದದ್ದು ಉತ್ತರ ಐರ್ಲೆಂಡ್‌ನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಐರ್ಲೆಂಡ್ ದ್ವೀಪದಲ್ಲಿ ಎರಡು ಭಾಗ. ದಕ್ಷಿಣದ್ದು ಸ್ವತಂತ್ರ ದೇಶ, ಒಕ್ಕೂಟದ ಸದಸ್ಯ. ಉತ್ತರದ್ದು ಬ್ರಿಟನ್ನಿಗೆ ಸೇರಿದ್ದು. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಗುಡ್ ಫ್ರೈಡೇ ಒಪ್ಪಂದ ಅದಕ್ಕೆ ತೆರೆ ಎಳೆಯಿತು. ಗಡಿಯ ಸೈನಿಕ ಠಾಣೆಗಳು ಹೋದವು. ಎರಡೂ ದೇಶ ಒಕ್ಕೂಟದಲ್ಲಿದ್ದ ಕಾರಣ ಸರಕು ತಪಾಸಣೆಯೂ ಇರಲಿಲ್ಲ. ಈಗ ಅಲ್ಲಿ ಒಬ್ಬ ರೈತ ಬೆಳಗ್ಗೆ ಒಂದು ದೇಶದಲ್ಲಿ ಹಾಲು ಕರೆದು ಇನ್ನೊಂದು ದೇಶದ ಡೇರಿಗೆ ಕಳಿಸುವುದು ಮಾಮೂಲು.

ಬ್ರೆಕ್ಸಿಟ್ ಬೇಕು ಎನ್ನುವವರಿಗೆ ಮೂರು ಆಸೆ. ಒಕ್ಕೂಟದ ಮಾರುಕಟ್ಟೆ ಮತ್ತು ಸುಂಕ ವ್ಯವಸ್ಥೆಯಿಂದ ಪೂರ್ತಿ ಹೊರಬರಬೇಕು. ಐರ್ಲೆಂಡ್‌ನ ನೆಲದ ಮೇಲೆ ಗಡಿ ತಪಾಸಣೆ ಬರಬಾರದು. ಉತ್ತರ ಐರ್ಲೆಂಡ್‌ಗೂ ಉಳಿದ ಬ್ರಿಟನ್ನಿಗೂ ನಡುವಿನ ಸಮುದ್ರದಲ್ಲೂ ತಪಾಸಣೆ ಬರಬಾರದು. ಈ ಮೂರರಲ್ಲಿ ಯಾವ ಎರಡು ಬೇಕಾದರೂ ಸಿಗುತ್ತವೆ. ಮೂರೂ ಸಿಗುವುದಿಲ್ಲ. ಸುಂಕದ ಪದ್ಧತಿ ಬೇರೆಯಾದರೆ ಎಲ್ಲೋ ಒಂದು ಕಡೆ ಲಾರಿ ನಿಲ್ಲಿಸಿ ನೋಡಲೇಬೇಕು. ನೆಲದಲ್ಲಿ ಬೇಡ ಅಂದರೆ ನೀರಿನಲ್ಲಿ. ನೀರಿನಲ್ಲೂ ಬೇಡ ಅಂದರೆ ಪದ್ಧತಿಯನ್ನೇ ಬೇರೆ ಮಾಡಿಕೊಳ್ಳುವಂತಿಲ್ಲ. ಇಡೀ ಬ್ರೆಕ್ಸಿಟ್ ಗಲಾಟೆಯಲ್ಲಿ ಇದೊಂದು ಅರ್ಥವಾದರೆ ಸಾಕು, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ತೆರೆಸಾ ಮೇ ಇದಕ್ಕೆ ತಂದ ಪರಿಹಾರವೇ ಬ್ಯಾಕ್‌ಸ್ಟಾಪ್. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಜೊತೆ ಒಂದೇ ಸುಂಕ ವಲಯದಲ್ಲಿ ಇರುವುದು. ಉತ್ತರ ಐರ್ಲೆಂಡ್ ಸರಕಿನ ಇನ್ನಷ್ಟು ನಿಯಮ ಪಾಲಿಸುವುದು. ಅಂದರೆ ಮೂರು ಆಸೆಗಳಲ್ಲಿ ಮೊದಲನೆಯದನ್ನು ತಾತ್ಕಾಲಿಕವಾಗಿ ಕೈಬಿಡುವುದು. ತಾತ್ಕಾಲಿಕ ಅಂದರೆ ಎಷ್ಟು ದಿನ? ಅದೇ ತಕರಾರು. ಬ್ರಿಟನ್ ಒಂದೇ ಕಡೆಯಿಂದ ಇದನ್ನು ಮುಗಿಸುವಂತಿರಲಿಲ್ಲ, ಎರಡೂ ಕಡೆ ಒಪ್ಪಬೇಕು. ಸರ್ಕಾರಕ್ಕೆ ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ಕೊಟ್ಟ ಕಾನೂನು ಸಲಹೆಯಲ್ಲೂ ಇದು ಅನಿರ್ದಿಷ್ಟ ಕಾಲ ಎಳೆಯಬಹುದು ಎಂದಿತ್ತು. ಸರ್ಕಾರ ಅದನ್ನು ಪೂರ್ತಿ ಹೊರಬಿಡಲಿಲ್ಲ. 2018ರ ಡಿಸೆಂಬರ್ 4ರಂದು ಸದನ ಸರ್ಕಾರದ ಮೇಲೆ ನಿಂದನೆಯ ನಿರ್ಣಯ ಮಾಡಿ, 311–293ರಲ್ಲಿ ಗೆದ್ದು, ಮರುದಿನ ಅದನ್ನು ಹೊರಗೆ ತರಿಸಿತು. ಬಚ್ಚಿಟ್ಟದ್ದು ಸಿಕ್ಕಿದಾಗ ಅದರ ತೂಕ ಎರಡು ಪಟ್ಟಾಗುತ್ತದೆ, ಅಲ್ವಾ?

ಮತ ಯಾಕೆ ಬೇಕಾಯಿತು

2016ರ ಜೂನ್ 23ರ ಜನಮತಗಣನೆಯಲ್ಲಿ ಬಿಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. ಮತಪತ್ರದಲ್ಲಿ ಇದ್ದದ್ದು ಇರಬೇಕೋ ಬಿಡಬೇಕೋ ಅನ್ನುವುದಷ್ಟೇ. ಹೇಗೆ ಬಿಡಬೇಕು ಎಂದು ಯಾರೂ ಕೇಳಿರಲಿಲ್ಲ. 2017ರ ಮಾರ್ಚ್ 29ರಂದು ಮೇ ನೋಟಿಸ್ ಕೊಟ್ಟರು. ಎರಡು ವರ್ಷದ ಗಡುವು ಶುರುವಾಯಿತು. ಈ ಗಡುವಿನ ಗುಣ ನೆನಪಿಟ್ಟುಕೊಳ್ಳಿ: ಯಾರೂ ಏನೂ ಮಾಡದಿದ್ದರೆ ಆ ದಿನ ಬ್ರಿಟನ್ ಒಪ್ಪಂದವಿಲ್ಲದೆ ಹೊರಗೆ ಬೀಳುತ್ತದೆ.

ಆಮೇಲೆ ಮೇ ಒಂದು ಕೆಲಸ ಮಾಡಿದರು. ಇದ್ದ ಸಣ್ಣ ಬಹುಮತವನ್ನು ದೊಡ್ಡದು ಮಾಡಿಕೊಳ್ಳಲು ಜೂನ್‌ನಲ್ಲಿ ಚುನಾವಣೆಗೆ ಹೋದರು. ಇದ್ದದ್ದೂ ಹೋಯಿತು. ಡಿಯುಪಿಯ 10 ಜನ ಸಂಸದರ ಬೆಂಬಲದಲ್ಲಿ ಸರ್ಕಾರ ನಿಂತಿತು. ಉತ್ತರ ಐರ್ಲೆಂಡ್‌ನ ಪ್ರಶ್ನೆ ಬಗೆಹರಿಸಬೇಕಾದವರು ಆ ಪ್ರಶ್ನೆಯ ಒಂದು ಪಕ್ಷದ ಕೈಯಲ್ಲೇ ಸಿಕ್ಕಿಕೊಂಡರು.

ಅದೇ ವರ್ಷ ಡಿಸೆಂಬರ್ 13ರಂದು ಗ್ರೀವ್ ತಂದ ತಿದ್ದುಪಡಿ 309–305ರಲ್ಲಿ ಗೆದ್ದಿತು. ಒಪ್ಪಂದ ಏನೇ ಆಗಲಿ, ಸಂಸತ್ತು ಹೂಂ ಅನ್ನದೆ ಅದು ಜಾರಿಗೆ ಬರಬಾರದು. ನಾಲ್ಕು ಮತದ ಅಂತರ. ಆ ನಾಲ್ಕು ಮತ ಇಲ್ಲದಿದ್ದರೆ ನಾನು ಇದನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲವೇನೋ.

2018ರ ನವೆಂಬರ್ 14ರಂದು ಮೇ ಸಂಪುಟ ಒಪ್ಪಂದಕ್ಕೆ ಒಪ್ಪಿತು. ಮರುದಿನವೇ ಬ್ರೆಕ್ಸಿಟ್ ಮಂತ್ರಿ ಡೊಮಿನಿಕ್ ರಾಬ್ ರಾಜೀನಾಮೆ ಕೊಟ್ಟರು. (ಸುಮ್ನೆ ಒಂದು ಕಾಕತಾಳೀಯ: ಸಂಸತ್ತಿನ ಎದುರು, ಥೇಮ್ಸ್ ನದಿಯ ಆಚೆ ದಡದಲ್ಲಿರುವ ನಮ್ಮ ಬಸವಣ್ಣನ ಪ್ರತಿಮೆ ಅನಾವರಣ ಆದದ್ದು 2015ರ ಅದೇ ನವೆಂಬರ್ 14ರಂದು. ಅನುಭವ ಮಂಟಪದ ಹಿರಿಯ ಮೂರು ವರ್ಷದಿಂದ ಆ ಕಡೆ ನಿಂತಿದ್ದ. ಈ ಕಡೆಯವರಿಗೆ ಮಾತು ಮುಗಿಯಲೇ ಇಲ್ಲ.)

ಸಂಸದನ ತಲೆಯೊಳಗೆ

ಆಗಿನ ಒಬ್ಬ ಸಂಸದನ ಜಾಗದಲ್ಲಿ ಕೂತು ನೋಡೋಣ. ಅವನ ಮುಂದೆ ಮೂರು ತಕ್ಕಡಿ ಇದ್ದವು: ಪಕ್ಷದ ಮಾತು, ಕ್ಷೇತ್ರದ ಮಾತು, ಅವನ ಸ್ವಂತ ಬುದ್ಧಿ.

ಪಕ್ಷದ ಮಾತು ನಮ್ಮಲ್ಲಿ ಎಲ್ಲಕ್ಕಿಂತ ಭಾರ. ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿ 1985ರಲ್ಲಿ ಬಂದ ಮೇಲೆ ವಿಪ್ ಮೀರಿದರೆ ಸ್ಥಾನವೇ ಹೋಗಬಹುದು. ಬ್ರಿಟನ್ನಿನಲ್ಲಿ ಅಂಥ ಕಾನೂನು ಇಲ್ಲ. ವಿಪ್ ಪತ್ರದಲ್ಲಿ ಮೂರು ಗೆರೆ ಎಳೆದು ‘ಬರಲೇಬೇಕು, ಹೀಗೇ ಹಾಕಬೇಕು’ ಎನ್ನುತ್ತಾರೆ. ಮೀರಿದರೆ ಮಂತ್ರಿ ಪದವಿ ಹೋದೀತು, ಹೆಚ್ಚೆಂದರೆ ಪಕ್ಷದಿಂದ ಹೊರಗೆ ಹಾಕುತ್ತಾರೆ. ಸಂಸದನ ಸ್ಥಾನ ಉಳಿಯುತ್ತದೆ. ಹಾಗಾಗಿಯೇ ಜನವರಿ 15ರಂದು ಮೇ ಅವರ ಸ್ವಂತ ಪಕ್ಷದ 118 ಜನ ಎದುರು ಲಾಬಿಗೆ ನಡೆದರು. ತಮಾಷೆ ಏನೆಂದರೆ ಮರುದಿನ ಅವಿಶ್ವಾಸ ನಿರ್ಣಯ ಬಂದಾಗ ಅದೇ 118 ಜನ ಮೇ ಬೆನ್ನಿಗೆ ನಿಂತರು. ಸರ್ಕಾರ 325–306ರಲ್ಲಿ ಉಳಿಯಿತು. ನಿಮ್ಮ ಒಪ್ಪಂದ ಬೇಡ, ನೀವು ಇರಿ! ನಮ್ಮ ವಿಧಾನಸಭೆಯ ವಿಶ್ವಾಸಮತಗಳನ್ನು ನೋಡಿ ಬೆಳೆದವರಿಗೆ ಇದು ಒಂದು ಕ್ಷಣ ಅರ್ಥವೇ ಆಗುವುದಿಲ್ಲ.

ಕ್ಷೇತ್ರದ ಮಾತಿಗೆ ಬಂದರೆ ಎಡ್ಮಂಡ್ ಬರ್ಕ್ ನೆನಪಾಗದೆ ಇರುವುದಿಲ್ಲ. 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ ಆತ ಹೇಳಿದ್ದರ ತಿರುಳು ಇದು: ನಿಮ್ಮ ಸಂಸದ ನಿಮಗೆ ತನ್ನ ದುಡಿಮೆಯ ಜೊತೆ ತನ್ನ ವಿವೇಚನೆಯನ್ನೂ ಕೊಡಬೇಕು. ನಿಮ್ಮ ಅಭಿಪ್ರಾಯಕ್ಕೆ ತಲೆಬಾಗಿ ಅದನ್ನು ಬಿಟ್ಟುಕೊಟ್ಟರೆ ಅದು ನಿಮಗೇ ದ್ರೋಹ. 2019ರ ಚರ್ಚೆಗಳಲ್ಲಿ ಈ ಭಾಷಣವನ್ನು ಮತ್ತೆ ಮತ್ತೆ ನೆನೆದರು. ಅದರ ಮುಂದಿನ ಭಾಗ ಹೇಳಿದವರು ಕಡಿಮೆ. 1780ರಲ್ಲಿ ಬ್ರಿಸ್ಟಲ್‌ನಲ್ಲಿ ಸೋಲು ಖಚಿತ ಎಂದು ಗೊತ್ತಾಗಿ ಬರ್ಕ್ ಕಣದಿಂದ ಹಿಂದೆ ಸರಿದ.

ಇನ್ನೊಂದು ತುದಿಯಲ್ಲಿ ಲೇಬರ್‌ನ ಕ್ಯಾರೊಲಿನ್ ಫ್ಲಿಂಟ್. ಅವರ ಡಾನ್ ವ್ಯಾಲಿ ಕ್ಷೇತ್ರ ಯಾರ್ಕ್‌ಶೈರ್‌ನ ಹಳೆಯ ಗಣಿ ಸೀಮೆ. ಫ್ಲಿಂಟ್ ಸ್ವತಃ ಇರೋಣ ಎಂದು ಮತ ಹಾಕಿದವರು. ಕ್ಷೇತ್ರದವರು ದೊಡ್ಡ ಅಂತರದಲ್ಲಿ ಬಿಡೋಣ ಎಂದರು. ಜನವರಿಯಲ್ಲಿ ಒಪ್ಪಂದಕ್ಕೆ ಇಲ್ಲ ಎಂದ ಫ್ಲಿಂಟ್, ಅದು ಮಾರ್ಚ್‌ನಲ್ಲಿ ಮತ್ತೆರಡು ಸಲ ಮತಕ್ಕೆ ಬಂದಾಗ ಪಕ್ಷ ಮೀರಿ ಹೌದು ಎಂದರು.

ಮೂರನೆಯದು ಸ್ವಂತ ಬುದ್ಧಿ. ಇಲ್ಲಿ ನನಗೆ ಇಷ್ಟವಾಗುವವರು ಕೆನ್ ಕ್ಲಾರ್ಕ್. 1970ರಿಂದ ಸಂಸದ, ಸದನದಲ್ಲೇ ಹಿರಿಯ, ಒಕ್ಕೂಟದ ಕಟ್ಟಾ ಅಭಿಮಾನಿ. ನೋಟಿಸ್ ಕೊಡುವ ಮಸೂದೆಯನ್ನು 2017ರಲ್ಲಿ ವಿರೋಧಿಸಿದ ಒಬ್ಬನೇ ಕನ್ಸರ್ವೇಟಿವ್. ಅಂಥವರು ಮೇ ಒಪ್ಪಂದಕ್ಕೆ ಮೂರು ಸಲವೂ ಹೌದು ಎಂದರು. ಹೊರಗೆ ಹೋಗುವುದೇ ಆದರೆ ಒಪ್ಪಂದವಿಲ್ಲದೆ ಬೀಳುವುದಕ್ಕಿಂತ ಇದು ವಾಸಿ, ಮುಂದಿನ ಸಂಬಂಧದ ಜಗಳ ಆಮೇಲೆ ಆಡೋಣ. ಇದು ಎರಡನೇ ಆಯ್ಕೆ ಇಟ್ಟುಕೊಂಡ ಮನುಷ್ಯನ ಲೆಕ್ಕ. ಆ ಸದನದಲ್ಲಿ ಇಂಥವರು ತುಂಬ ಕಡಿಮೆ ಇದ್ದರು.

ಯಾಕೆ ಕಡಿಮೆ? ಅದರಲ್ಲಿ ಮೇ ಅವರ ಪಾಲೂ ಇದೆ. ನನ್ನ ಒಪ್ಪಂದ, ಇಲ್ಲವೇ ನೋ ಡೀಲ್ (ಒಪ್ಪಂದವಿಲ್ಲದೆ ಹೊರಬೀಳುವುದು), ಇಲ್ಲವೇ ಬ್ರೆಕ್ಸಿಟ್ಟೇ ಇಲ್ಲ ಎಂದು ಅವರು ಹೆದರಿಸುತ್ತಿದ್ದರು. ಕಡು ಬ್ರೆಕ್ಸಿಟ್‌ನವರಿಗೆ ನೋ ಡೀಲ್ ಬೆದರಿಕೆಯಾಗಿ ಕೇಳಲಿಲ್ಲ, ಆಸೆಯಾಗಿ ಕೇಳಿಸಿತು. ಇರೋಣ ಎನ್ನುವವರಿಗೆ ‘ಬ್ರೆಕ್ಸಿಟ್ಟೇ ಇಲ್ಲ’ ಎಂಬುದು ಸಿಹಿ ಸುದ್ದಿ. ಒಂದೇ ಮಾತಿನಲ್ಲಿ ಎರಡೂ ಕಡೆಯ ವಿರೋಧಿಗಳಿಗೆ ಇನ್ನಷ್ಟು ಕಾಯಿರಿ ಎಂದಂತಾಯಿತು. ಒಪ್ಪಂದ ಬಿದ್ದರೆ ತಾವು ಬಯಸಿದ್ದೇ ಸಿಗುತ್ತದೆ ಎಂದು ಇಬ್ಬರೂ ನಂಬಿದ್ದರು. ಇಬ್ಬರಲ್ಲಿ ಒಬ್ಬರಾದರೂ ತಪ್ಪಾಗಿರಲೇಬೇಕಿತ್ತು.

ಎರಡನೇ ಸಲ, ಮೂರನೇ ಸಲ

ಮೊದಲ ಸೋಲಿನ ಎರಡು ವಾರದ ಮೇಲೆ, ಬ್ಯಾಕ್‌ಸ್ಟಾಪ್ ತೆಗೆದು ‘ಬೇರೆ ವ್ಯವಸ್ಥೆ’ ತನ್ನಿ ಎಂದು ಸದನ 317–301ರಲ್ಲಿ ಹೇಳಿತು. ಯಾವ ವ್ಯವಸ್ಥೆ ಎಂದು ಹೇಳಲಿಲ್ಲ. ಮೂರು ಆಸೆಗಳ ಕಥೆ ನೆನಪಿದ್ದರೆ ಅದನ್ನು ಯಾಕೆ ಹೇಳಲಿಲ್ಲ ಅನ್ನೋದು ಗೊತ್ತಾಗುತ್ತದೆ.

ಮಾರ್ಚ್ 11ರ ರಾತ್ರಿ ಮೇ ಸ್ಟ್ರಾಸ್‌ಬರ್ಗ್‌ಗೆ ಹಾರಿ ಒಕ್ಕೂಟದವರಿಂದ ಒಂದಿಷ್ಟು ಭರವಸೆಯ ಕಾಗದ ತಂದರು. ಮರುದಿನ ಬೆಳಗ್ಗೆ ಎಲ್ಲರ ಕಣ್ಣು ಕಾಕ್ಸ್ ಮೇಲೆ. ಅಪಾಯ ಸ್ವಲ್ಪ ಕಡಿಮೆಯಾಗಿದೆ ಎಂದು ಬರೆದ ಅವರು ಕೊನೆಯ ಪ್ಯಾರಾದಲ್ಲಿ, ಮಾತುಕತೆ ಪ್ರಾಮಾಣಿಕವಾಗಿಯೇ ಮುರಿದುಬಿದ್ದರೆ ಬ್ರಿಟನ್ನಿಗೆ ಒಂಟಿಯಾಗಿ ಹೊರಬರುವ ಕಾನೂನು ದಾರಿ ಇಲ್ಲ, ಆ ಅಪಾಯ ಮೊದಲಿನಂತೆಯೇ ಇದೆ ಎಂದರು. ಅಲ್ಲಿಗೆ ಮುಗಿಯಿತು. ಸ್ವಂತ ಸರ್ಕಾರದ ವಕೀಲ, ಸ್ವಂತ ಸರ್ಕಾರದ ಸೋಲು ಗೊತ್ತಿದ್ದೂ, ಸತ್ಯ ಬರೆದ. ಆ ದಿನಗಳಲ್ಲಿ ನನಗೆ ಗೌರವ ಹುಟ್ಟಿಸಿದ ಕೆಲವೇ ಪ್ಯಾರಾಗಳಲ್ಲಿ ಅದೂ ಒಂದು. ಗಂಟಲು ಕಟ್ಟಿಹೋಗಿದ್ದ ಮೇ ಸದನದಲ್ಲಿ ಪಿಸುದನಿಯಲ್ಲೇ ವಾದಿಸಿದರು. 242–391. ಅಂತರ 149.

ಮಾರ್ಚ್ 13ರಂದು ಸದನ ನೋ ಡೀಲ್ ಕೂಡ ಬೇಡ ಎಂದಿತು. ಅದು ಬರೀ ಅಭಿಪ್ರಾಯ. ಗಡುವಿನ ಕಾನೂನು ಹಾಗೇ ಇತ್ತು. ಮಳೆ ಬೇಡ ಎಂದು ಠರಾವು ಮಾಡಿದಂತೆ.

18ರಂದು ಸ್ಪೀಕರ್ ಜಾನ್ ಬರ್ಕೋ ಇನ್ನೊಂದು ಬಾಂಬು ಹಾಕಿದರು. ಅದೇ ಪ್ರಸ್ತಾವವನ್ನು ಅದೇ ಅಧಿವೇಶನದಲ್ಲಿ ಮತ್ತೆ ಮತ್ತೆ ತರುವಂತಿಲ್ಲ, 1604ರಿಂದ ಬಂದ ಪದ್ಧತಿ ಇದು ಎಂದರು. ಅಷ್ಟರಲ್ಲಿ ಒಕ್ಕೂಟ ಗಡುವನ್ನು ಏಪ್ರಿಲ್ 12ಕ್ಕೆ ತಳ್ಳಿತು. ಮಾರ್ಚ್ 29ರೊಳಗೆ ಪಾಲಿನ ಪತ್ರ ಪಾಸಾದರೆ ಮೇ 22ರವರೆಗೆ ಸಮಯ.

ಈಗ ಸದನವೇ ಕಲಾಪದ ಹಿಡಿತ ತೆಗೆದುಕೊಂಡಿತು. ಮಾರ್ಚ್ 27ರಂದು ಎಂಟು ಆಯ್ಕೆಗಳನ್ನು ಕಾಗದದಲ್ಲಿ ಮುದ್ರಿಸಿ ಸಂಸದರ ಕೈಗೆ ಕೊಟ್ಟರು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ. ಎಂಟೂ ಸೋತವು. ಏಪ್ರಿಲ್ 1ರಂದು ನಾಲ್ಕನ್ನು ಮತ್ತೆ ಹಾಕಿದರು. ನಾಲ್ಕೂ ಸೋತವು. ಅದರಲ್ಲಿ ಕ್ಲಾರ್ಕ್ ಅವರ ಕಸ್ಟಮ್ಸ್ ಯೂನಿಯನ್ (ಒಕ್ಕೂಟದ ಜೊತೆ ಒಂದೇ ಸುಂಕ ವಲಯ) ಪ್ರಸ್ತಾವ ಬಿದ್ದದ್ದು 273–276ರಲ್ಲಿ. ಮೂರು ಮತ! ಎರಡನೇ ಜನಮತಗಣನೆ 280–292ರಲ್ಲಿ ಸೋತಿತು. ಎರಡನೇ ಜನಮತಗಣನೆ ಬೇಕು ಎನ್ನುತ್ತಿದ್ದ ಕೆಲವರು ಕಸ್ಟಮ್ಸ್ ಯೂನಿಯನ್‌ಗೆ ಕೈಜೋಡಿಸಲಿಲ್ಲ. ಮಧ್ಯದ ದಾರಿ ಗೆದ್ದರೆ ತಮ್ಮ ಮೊದಲ ಆಸೆ ಸಾಯುತ್ತದೆ ಎಂಬ ಭಯ. ನಾರ್ವೆ ಮಾದರಿಯ ನಂಟಿಗಾಗಿ (ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯೊಳಗೆ ಇರುವುದು) ತಿಂಗಳುಗಟ್ಟಲೆ ಓಡಾಡಿದ್ದ ಕನ್ಸರ್ವೇಟಿವ್ ನಿಕ್ ಬೋಲ್ಸ್ ಫಲಿತಾಂಶ ಕೇಳಿ ಎದ್ದು ನಿಂತು, ತನ್ನ ಪಕ್ಷ ರಾಜಿಗೆ ತಯಾರಿಲ್ಲ ಎಂದು ಅಲ್ಲೇ ಪಕ್ಷ ಬಿಟ್ಟು ಹೊರನಡೆದರು.

ಈ ಎರಡು ಸುತ್ತುಗಳ ನಡುವೆ ಮಾರ್ಚ್ 29, ಶುಕ್ರವಾರ. ಬ್ರಿಟನ್ ಹೊರಬರಬೇಕಿದ್ದ ಮೂಲ ದಿನ. ಇದು ಪಾಸಾದರೆ ನಾನು ಕುರ್ಚಿ ಬಿಡುತ್ತೇನೆ ಎಂದು ಮೇ ತಮ್ಮವರಿಗೆ ಹೇಳಿದ್ದರು. ಬರ್ಕೋ ನಿಯಮ ದಾಟಲು ರಾಜಕೀಯ ಘೋಷಣೆಯನ್ನು ಬಿಟ್ಟು ಪಾಲಿನ ಪತ್ರ ಒಂದನ್ನೇ ಮತಕ್ಕೆ ಇಟ್ಟರು. ಬೋರಿಸ್ ಜಾನ್ಸನ್, ರೀಸ್-ಮಾಗ್, ರಾಬ್ ಈ ಸಲ ಹೌದು ಲಾಬಿಗೆ ಬಂದರು. 286–344. ಅಂತರ 58.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. 30 ಜನ ಆ ಕಡೆಯಿಂದ ಈ ಕಡೆ ಬಂದಿದ್ದರೆ ಪಾಸು. ಇಲ್ಲ ಎಂದವರಲ್ಲಿ 34 ಜನ ಕನ್ಸರ್ವೇಟಿವ್‌ಗಳು. ಅದರಲ್ಲಿ 28 ಜನ ತಮ್ಮನ್ನು ಸ್ಪಾರ್ಟನ್ನರು ಎಂದು ಕರೆದುಕೊಂಡ ಕಡು ಬ್ರೆಕ್ಸಿಟ್‌ನವರು, ಉಳಿದ 6 ಜನ ಗ್ರೀವ್ ಥರದ ಇರೋಣ ಕಡೆಯವರು. ಡಿಯುಪಿ 10. ಅಂದರೆ ಬ್ರೆಕ್ಸಿಟ್ ಬೇಕು ಎಂದು ಪ್ರಾಣ ಬಿಡುತ್ತಿದ್ದ 38 ಜನ ಸೇರಿ, ಬ್ರೆಕ್ಸಿಟ್ ಆಗಬೇಕಿದ್ದ ದಿನವೇ ಅದನ್ನು ನಿಲ್ಲಿಸಿದರು. ಹೊರಗೆ ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ನಮಗೆ ಮೋಸ ಮಾಡಿದರು ಎಂದು ಕೂಗುತ್ತಿದ್ದ ಜನಕ್ಕೆ ಯಾರು ಎಂದು ಹೇಳುವುದು ಕಷ್ಟವಿತ್ತು.

ಯಾರ ಲೆಕ್ಕ ಸರಿಯಾಯಿತು

ಮೇ ಹೋದರು. ಜುಲೈ 24ರಂದು ಜಾನ್ಸನ್ ಪ್ರಧಾನಿ. (ಹಿಂದಿನ ದಿನ ಬೆಂಗಳೂರಿನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಿತ್ತು. ಆ ವಾರ ಎರಡು ವಿಧಾನಮಂಡಲಗಳ ಸುದ್ದಿ ಒಟ್ಟಿಗೆ ಓದಿದ್ದು ನೆನಪಿದೆ.) ಅಕ್ಟೋಬರ್ 17ರಂದು ಹೊಸ ಒಪ್ಪಂದ ಬಂತು. ಮೂರು ಆಸೆಗಳಲ್ಲಿ ಮೇ ಮೊದಲನೆಯದನ್ನು ಬಿಟ್ಟಿದ್ದರು. ಜಾನ್ಸನ್ ಮೂರನೆಯದನ್ನು ಬಿಟ್ಟರು. ತಪಾಸಣೆ ಐರಿಷ್ ಸಮುದ್ರಕ್ಕೆ ಹೋಯಿತು. ಹಿಂದಿನ ನವೆಂಬರ್‌ನಲ್ಲಿ ಬೆಲ್‌ಫಾಸ್ಟ್‌ನ ಡಿಯುಪಿ ಸಮಾವೇಶದಲ್ಲಿ ನಿಂತು, ಇಂಥದ್ದಕ್ಕೆ ಯಾವ ಕನ್ಸರ್ವೇಟಿವ್ ಸರ್ಕಾರವೂ ಸಹಿ ಹಾಕಬಾರದು ಎಂದಿದ್ದವರು ಇದೇ ಜಾನ್ಸನ್.

ಡಿಯುಪಿಯವರ ಮತವನ್ನು ಈಗ ನೋಡಿ. ಬ್ಯಾಕ್‌ಸ್ಟಾಪ್‌ನಲ್ಲಿ ಇಡೀ ಬ್ರಿಟನ್ ಜೊತೆಗಿತ್ತು, ಉತ್ತರ ಐರ್ಲೆಂಡ್‌ಗೆ ಇದ್ದ ವ್ಯತ್ಯಾಸ ಸಣ್ಣದು. ಅದನ್ನು ಮೂರು ಸಲ ತಿರಸ್ಕರಿಸಿದ್ದಕ್ಕೆ ಸಿಕ್ಕಿದ್ದು ಅವರು ಯಾವುದಕ್ಕೆ ಹೆದರಿದ್ದರೋ ಅದೇ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಕೆಟ್ಟ ಲೆಕ್ಕ ಅವರದು. ತಮ್ಮ ಬೆಂಬಲವಿಲ್ಲದೆ ಸರ್ಕಾರ ನಡೆಯುವುದಿಲ್ಲ ಎಂಬ ಬಲ ಆ 2019ರ ಮಾರ್ಚ್‌ನಲ್ಲಿ ಇತ್ತು. ಅದು ಶಾಶ್ವತ ಎಂದುಕೊಂಡರು.

ಇರೋಣ ಎನ್ನುವವರ ಲೆಕ್ಕ ಅದಕ್ಕಿಂತ ಸ್ವಲ್ಪವೇ ವಾಸಿ. ಎರಡನೇ ಜನಮತಗಣನೆಗೆ ಬರೀ 12 ಮತದ ಅಂತರ ಇದ್ದದ್ದು ನಿಜ, ಆಸೆ ಪಡುವುದರಲ್ಲಿ ತಪ್ಪಿರಲಿಲ್ಲ. ಆದರೆ ಏಪ್ರಿಲ್ 1ರ ಆ ಮೂರು ಮತದ ರಾತ್ರಿ ಕಸ್ಟಮ್ಸ್ ಯೂನಿಯನ್ ಅನ್ನು ಬಿಟ್ಟುಕೊಟ್ಟದ್ದು ದುಬಾರಿಯಾಯಿತು. ಕೊನೆಗೆ ಬಂದದ್ದು ಮೇ ತಂದದ್ದಕ್ಕಿಂತ ಕಡು ಬ್ರೆಕ್ಸಿಟ್.

ಲೇಬರ್ ನಾಯಕರ ವಾದ ಬೇರೆ. ಪಾಲಿನ ಪತ್ರದ ಮಾತು ಹಾಗಿರಲಿ, ಮುಂದಿನ ಸಂಬಂಧದ ಬಗ್ಗೆ ಖಾತ್ರಿ ಇಲ್ಲ, ಕಣ್ಣು ಕಟ್ಟಿಕೊಂಡು ಸಹಿ ಹಾಕಲ್ಲ ಎಂದರು. ಮಾರ್ಚ್ 29ರಂದು ಘೋಷಣೆಯನ್ನೇ ಬೇರ್ಪಡಿಸಿದಾಗ ಈ ವಾದಕ್ಕೆ ಬಲ ಬಂತು ಎಂದು ಒಪ್ಪುತ್ತೇನೆ. ಪಾಲು ಪತ್ರಕ್ಕೆ ರುಜು ಹಾಕಿ, ದಾರಿ ವಿಷಯ ಆಮೇಲೆ ನೋಡೋಣ ಎಂದರೆ ಯಾವ ತಮ್ಮ ತಾನೇ ಒಪ್ಪುತ್ತಾನೆ? ಹಾಗಿದ್ದೂ, ಚುನಾವಣೆಯ ದಾರಿ ಕಾದದ್ದು ಆ ವಾದದ ತೂಕ ಕಳೆಯಿತು.

ಸ್ಪಾರ್ಟನ್ನರ ಲೆಕ್ಕ ಮಾತ್ರ ಫಲಿಸಿತು. ರಾಜಿ ಮಾಡಿಕೊಳ್ಳದವನೇ ಗೆದ್ದ ಎನ್ನುವುದು ನನ್ನ ವಾದಕ್ಕೆ ಅಡ್ಡ ಬರುವ ಸಂಗತಿ, ಮುಚ್ಚಿಡುವುದಿಲ್ಲ. ಒಂದು ಮಾತು ಹೇಳಬಹುದು. ಅವರು ಗೆಲ್ಲಲು ಎದುರಿನವರೆಲ್ಲ ಒಬ್ಬೊಬ್ಬರಾಗಿ ತಪ್ಪು ಮಾಡಬೇಕಿತ್ತು. ಮಾಡಿದರು. ಏಪ್ರಿಲ್ 1ರಂದು ಇಬ್ಬರು ಮನಸ್ಸು ಬದಲಿಸಿ ಆ ಕಡೆಯಿಂದ ಈ ಕಡೆ ಬಂದಿದ್ದರೂ ಕಥೆ ಬೇರೆಯಾಗುತ್ತಿತ್ತು. ಅದನ್ನು ಜಾಣತನ ಅನ್ನಬೇಕೋ ಅದೃಷ್ಟ ಅನ್ನಬೇಕೋ ನೀವೇ ಹೇಳಿ.

ಮತ ಹಾಕುವ ವಿಧಾನದ ದೋಷವೂ ಇದರಲ್ಲಿದೆ. ಮೂರು ಗುಂಪು ಎಂದುಕೊಳ್ಳಿ. ಒಬ್ಬರಿಗೆ ಒಪ್ಪಂದ, ಒಬ್ಬರಿಗೆ ನೋ ಡೀಲ್, ಒಬ್ಬರಿಗೆ ಇರುವುದು. ಒಂದೊಂದನ್ನೇ ಮುಂದಿಟ್ಟು ಬೇಕೋ ಬೇಡವೋ ಎಂದು ಕೇಳಿದರೆ ಪ್ರತಿ ಸಲವೂ ಉಳಿದ ಎರಡು ಗುಂಪು ಸೇರಿ ಅದನ್ನು ಬೀಳಿಸುತ್ತವೆ. ಆಯ್ಕೆಗಳನ್ನು ಒಂದು, ಎರಡು, ಮೂರು ಎಂದು ಕ್ರಮ ಹಾಕಿಸಿದ್ದರೆ, ಇಲ್ಲವೇ ಎರಡೆರಡನ್ನು ಎದುರು ಬದುರು ನಿಲ್ಲಿಸಿದ್ದರೆ ಏನಾದರೊಂದು ಹೊರಬರುವ ಸಾಧ್ಯತೆ ಹೆಚ್ಚಿತ್ತು. ಏಪ್ರಿಲ್ 1ರ ಕಾಗದದಲ್ಲೂ ಕ್ರಮ ಕೇಳಲಿಲ್ಲ, ಹೌದು ಇಲ್ಲ ಎಂದೇ ಕೇಳಿದರು. ಇದು ಗೊತ್ತಿರದ ಸಂಗತಿಯಲ್ಲ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ಇಂಥ ಸಿಕ್ಕುಗಳ ಬಗ್ಗೆ ಹದಿನೆಂಟನೇ ಶತಮಾನದಲ್ಲೇ ಬರೆದಿದ್ದ.

ಹಾಗಾದರೆ ಆ ಸಂಸದ ಏನು ಮಾಡಬೇಕಿತ್ತು? ಜನವರಿಯಲ್ಲಿ ಇಲ್ಲ ಎಂದವರನ್ನು ನಾನು ಬೈಯುವುದಿಲ್ಲ. ಗಡುವಿಗೆ ಹತ್ತು ವಾರ ಇತ್ತು, ಇನ್ನೂ ಒಳ್ಳೆಯದು ಕೇಳುವ ಹಕ್ಕಿತ್ತು. ಮಾರ್ಚ್ 29ರ ಹೊತ್ತಿಗೆ ಪರಿಸ್ಥಿತಿ ಬೇರೆ. ಆಗ ಇಲ್ಲ ಎನ್ನುವವನು, ಇದು ಬಿದ್ದರೆ ಮುಂದೆ ಯಾವುದಕ್ಕೆ ಬಹುಮತ ಬರುತ್ತದೆ, ಅದಕ್ಕೆ ನಾನೂ ಕೈ ಎತ್ತುತ್ತೇನಾ ಎಂದು ತನ್ನನ್ನು ಕೇಳಿಕೊಳ್ಳಬೇಕಿತ್ತು. ಕ್ಲಾರ್ಕ್ ಕೇಳಿಕೊಂಡರು. ಫ್ಲಿಂಟ್ ಕೇಳಿಕೊಂಡರು. ಇಬ್ಬರ ಉತ್ತರ ಹೌದು ಎಂದೇ ಬಂತು ಎಂದ ಮಾತ್ರಕ್ಕೆ ಎಲ್ಲರದೂ ಹಾಗೇ ಬರಬೇಕಿರಲಿಲ್ಲ. ಗ್ರೀವ್ ಕೇಳಿಕೊಂಡೇ ಇಲ್ಲ ಎಂದಿರಬಹುದು. ಕೇಳಿಕೊಳ್ಳದೆ ನಡೆದವರ ಸಾಲು ಮಾತ್ರ ಉದ್ದವಿತ್ತು.

ಕೇಳಿಕೊಂಡವರಿಗೆ ಮತದಾರರು ಬಹುಮಾನ ಕೊಟ್ಟರು ಎಂದುಕೊಳ್ಳಬೇಡಿ. ಕ್ಲಾರ್ಕ್ ಅವರನ್ನು ಸೆಪ್ಟೆಂಬರ್‌ನಲ್ಲಿ ಇನ್ನೂ 20 ಜನರ ಜೊತೆ ಪಕ್ಷದ ಸಂಸದೀಯ ಗುಂಪಿನಿಂದ ಹೊರಹಾಕಿದರು. ಡಿಸೆಂಬರ್ 12ರ ಚುನಾವಣೆಯಲ್ಲಿ ಕನ್ಸರ್ವೇಟಿವ್‌ಗಳಿಗೆ 365 ಸ್ಥಾನ. 1922ರಿಂದ ಲೇಬರ್ ಕೈಯಲ್ಲಿದ್ದ ಡಾನ್ ವ್ಯಾಲಿಯಲ್ಲಿ ಫ್ಲಿಂಟ್ ಸೋತರು. ಗ್ರೀವ್ ಸೋತರು. ಬೆಲ್‌ಫಾಸ್ಟ್‌ನಲ್ಲಿ ಡಿಯುಪಿಯ ನೈಜೆಲ್ ಡಾಡ್ಸ್ ಕೂಡ ಸೋತರು. ಮೂವರ ನಿಲುವೂ ಬೇರೆ ಬೇರೆ. ಬ್ರಿಟನ್ 2020ರ ಜನವರಿ 31ರ ರಾತ್ರಿ 11ಕ್ಕೆ ಹೊರಬಂತು.

ಸಮುದ್ರದ ಗಡಿ ಉಳಿಯಿತು. ಅದನ್ನು ಪ್ರತಿಭಟಿಸಿ ಡಿಯುಪಿ 2022ರಲ್ಲಿ ಬೆಲ್‌ಫಾಸ್ಟ್‌ನ ಪ್ರಾಂತ ಸರ್ಕಾರದಿಂದ ಹೊರನಡೆಯಿತು, ಎರಡು ವರ್ಷ ಅಲ್ಲಿ ಪೂರ್ಣ ಸರ್ಕಾರ ಇರಲಿಲ್ಲ. ಅದನ್ನು ರಿಪೇರಿ ಮಾಡುವ ಕೆಲಸ ಆಗ ಪ್ರಧಾನಿಯಾಗಿದ್ದ ಬೆಂಗಳೂರಿನ ಅಳಿಯ ರಿಷಿ ಸುನಕ್ ಪಾಲಿಗೆ ಬಂತು. 2023ರ ಫೆಬ್ರುವರಿಯಲ್ಲಿ ಅವರು ವಿಂಡ್ಸರ್ ಒಪ್ಪಂದ ತಂದರು. ಮಾರ್ಚ್ 22ರಂದು ಅದರ ಮುಖ್ಯ ಭಾಗ ಸದನದ ಮುಂದೆ ಬಂತು. ಮತ್ತೆ ಗಂಟೆ, ಮತ್ತೆ 8 ನಿಮಿಷ, ಮತ್ತೆ ಎರಡು ಲಾಬಿ. ಈ ಸಲ ಹೌದು 515, ಇಲ್ಲ 29. ಆ 29ರ ಸಾಲಿನಲ್ಲಿ ಡಿಯುಪಿಯವರು ನಡೆದರು. ಅದೇ ಸಾಲಿನಲ್ಲಿ, ಆ ಗಡಿಯನ್ನು ಸಮುದ್ರಕ್ಕೆ ಹಾಕಿದ ಬೋರಿಸ್ ಜಾನ್ಸನ್ ಕೂಡ ನಡೆದರು.